ಕ್ಲಿಯರ್ ಗೆಸ್ಸೊ: ಐದು ವರ್ಷ, ಏಳು ಡಬ್ಬಿ ಆದ್ಮೇಲೆ

ಕ್ಲಿಯರ್ ಗೆಸ್ಸೊ, ಅಂದ್ರೆ ಚಿತ್ರ ಮಾಡೋವಾಗ ಬಣ್ಣ ಹಿಡಿಯೋಕೆ ಅಂತ ಬಳಿಯೋ ಪಾರದರ್ಶಕ ಲೇಪ, ತಗೊಳ್ಳೋದಾ ಬೇಡ್ವಾ ಅಂತ ಯೋಚನೆ ಮಾಡ್ತಿರೋರಿಗೆ ಇದನ್ನ ಬರೀತಿದೀನಿ. 2020ರ ಮಳೆಗಾಲದಲ್ಲಿ ಮೊದಲನೇ ಡಬ್ಬಿ ತರಿಸಿದ್ದು, ಈಗ ಏಳನೇದು ನಡೀತಿದೆ, ಮಧ್ಯದಲ್ಲಿ ಮೂರು ಕಂಪನಿದು ಬಳಸಿದೀನಿ, ಹಾಗಾಗಿ ಯಾವ್ದೋ ಒಂದು ಬ್ರ್ಯಾಂಡಿನ ಬಗ್ಗೆ ಹೇಳ್ತಿಲ್ಲ, ಈ ವಸ್ತು ಹೇಗೆ ಅಂತ ಹೇಳ್ತಿದೀನಿ. ಇರೋದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ರ. ಮಾಡೋದು ಮಿಕ್ಸೆಡ್ ಮೀಡಿಯಾ, ಅಂದ್ರೆ ಅಕ್ರಿಲಿಕ್ ಬಣ್ಣ, ಹಳೇ ಕಾಗದ ಅಂಟಿಸೋ ಕೊಲಾಜ್, ಇದ್ದಿಲು, ಸೀಮೆಸುಣ್ಣದ ಥರದ ಸಾಫ್ಟ್ ಪೇಸ್ಟಲ್, ಆಯಿಲ್ ಪೇಸ್ಟಲ್ ಎಲ್ಲಾ ಒಂದೇ ಚಿತ್ರದಲ್ಲಿ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳ್ತೀನಿ.

ಮೊದಲು ಒಂದು ಗೊಂದಲ. ಮೈಸೂರು ಶೈಲಿ ಚಿತ್ರ ಕಲಿತೋರಿಗೆ ಗೆಸ್ಸೊ ಅಂದ್ರೆ ಆಭರಣ, ಪ್ರಭಾವಳಿ ಮೇಲೆ ತೆಳ್ಳಗೆ ಉಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸೋ ಕೆಲಸ. ತಂಜಾವೂರಿನಲ್ಲಿ ಅದೇ ಉಬ್ಬು ಇನ್ನೂ ದಪ್ಪ. ಈ ಡಬ್ಬಿಯಿಂದ ಆ ಉಬ್ಬು ಬರಲ್ಲ, ಆ ಕೆಲಸಕ್ಕೆ ಅಂತ ತಗೋಬೇಡಿ. ಕ್ಯಾನ್ವಾಸಿಗೆ ಮೊದಲು ಬಳಿಯೋ ಬಿಳಿ ಗೆಸ್ಸೊ ಇದ್ಯಲ್ಲ, ಅದರಲ್ಲಿ ಅಕ್ರಿಲಿಕ್ ಅಂಟು, ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ, ಟೈಟಾನಿಯಂ ವೈಟ್ ಇರುತ್ತೆ. ಕ್ಲಿಯರ್‌ನಲ್ಲಿ ಬಿಳಿ ಬಣ್ಣ ಇರಲ್ಲ, ಬದಲಿಗೆ ಸಿಲಿಕಾ ಥರದ ಪಾರದರ್ಶಕ ಪುಡಿ. ಒಣಗಿದ್ಮೇಲೆ ಬೆರಳಾಡಿಸಿದ್ರೆ ನುಣ್ಣನೆ ಸ್ಯಾಂಡ್‌ಪೇಪರ್ ಮುಟ್ಟಿದ ಹಾಗಿರುತ್ತೆ, ಕೆಳಗಿರೋದೆಲ್ಲಾ ಕಾಣುತ್ತೆ.

ಇದರ ನಿಜವಾದ ಜಾಗ ಚಿತ್ರದ ತಳ ಅಲ್ಲ, ನಡು. ಅಕ್ರಿಲಿಕ್ ಒಣಗಿದ್ಮೇಲೆ ಅದೊಂದು ಪ್ಲಾಸ್ಟಿಕ್ ಪೊರೆ, ಅದರ ಮೇಲೆ ಪೇಸ್ಟಲ್ ಉಜ್ಜಿದ್ರೆ ಜಾರುತ್ತೆ, ಇದ್ದಿಲು ಹಿಡಿಯಲ್ಲ, ವಾಟರ್‌ಕಲರ್ ಹಾಕಿದ್ರೆ ಕೆಸುವಿನ ಎಲೆ ಮೇಲೆ ನೀರು ನಿಂತ ಹಾಗೆ ಗುಂಡಗೆ ನಿಲ್ಲುತ್ತೆ. ಒಂದು ತೆಳು ಕೋಟ್ ಕ್ಲಿಯರ್ ಗೆಸ್ಸೊ ಬಳಿದು ಒಣಗಿಸಿ, ಅದೇ ಪೇಸ್ಟಲ್ ಕಚ್ಚಿಕೊಂಡು ಕೂರುತ್ತೆ. ಫ್ರೆಂಚ್ ಚಿತ್ರಕಾರ ಡೆಗಾ ತನ್ನ ಮೋನೊಟೈಪ್ (ತಗಡಿನ ಮೇಲೆ ಶಾಯಿಯಲ್ಲಿ ಬರೆದು ಕಾಗದಕ್ಕೆ ಒತ್ತಿ ತೆಗೆಯೋ) ಪ್ರಿಂಟ್‌ಗಳ ಮೇಲೆ ಪೇಸ್ಟಲ್ ಹಾಕಿದ್ದಾನಲ್ಲ, ಆ ಚಿತ್ರಗಳಲ್ಲಿ ಕೆಳಗಿನ ಕತ್ತಲೆ ಮೇಲಿನ ಬಣ್ಣದ ಸಂದಿಯಿಂದ ಇಣುಕೋದು ನೋಡಿನೇ ನಂಗೆ ಈ ಹುಚ್ಚು ಹಿಡಿದಿದ್ದು. ಪೇಸ್ಟಲ್ ಚೂರುಚೂರಾಗಿ ಹಿಡಿದು ಮಧ್ಯೆ ಕೆಳಗಿನ ಪದರ ಉಸಿರಾಡೋ ಹಾಗೆ ಬಿಡೋದು ಇದೆಯಲ್ಲ, ಅದಕ್ಕೆ ಈ ತರಿತರಿ ಬೇಕೇ ಬೇಕು.

ಕೊಲಾಜ್ ವಿಷಯಕ್ಕೆ ಬಂದ್ರೆ ನಂಗೆ ಈಗಲೂ ಹೊಟ್ಟೆ ಉರಿಯೋ ಒಂದು ಕತೆ ಇದೆ. ನಮ್ಮಜ್ಜನ ಅಡಿಕೆ ಲೆಕ್ಕದ ಪುಸ್ತಕ ಇತ್ತು, ಮಂಡಿಗೆ ಹಾಕಿದ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು (ಮೂರೂ ಅಡಿಕೆಯ ಬಗೆಗಳು) ಅಂತ ನೀಲಿ ಶಾಯಿ ಪೆನ್ನಿನಲ್ಲಿ ಬರೆದಿದ್ದು. ಅದರಿಂದ ಒಂದು ಹಾಳೆ ಬಿಡಿಸ್ಕೊಂಡು ಬೋರ್ಡಿಗೆ ಅಂಟಿಸಿ ಮೇಲೆ ಕ್ಲಿಯರ್ ಗೆಸ್ಸೊ ಎಳೆದೆ. ಎರಡನೇ ಸಲ ಬ್ರಷ್ ಎಳೆಯೋ ಹೊತ್ತಿಗೆ ಅಕ್ಷರ ಎಲ್ಲಾ ಕರಗಿ ಹಾಳೆ ಪೂರ್ತಿ ತಿಳಿನೀಲಿ. ಶಾಯಿ ನೀರಲ್ಲಿ ಕರಗೋದು, ಗೆಸ್ಸೊದಲ್ಲಿ ಇರೋದೂ ನೀರೇ, ಇಷ್ಟು ನಂಗೆ ಹೊಳೀಲಿಲ್ಲ. ಅಮ್ಮ ಬಂದು ನೋಡಿದ್ರು, ಏನೂ ಅನ್ಲಿಲ್ಲ, ಉಳಿದ ಪುಸ್ತಕ ತಗೊಂಡು ಹೋಗಿ ಬೀರುವಲ್ಲಿಟ್ಟು ಬೀಗ ಹಾಕಿದ್ರು.

ಅವತ್ತಿಂದ ಕೈಬರಹದ ಮೂಲ ಕಾಗದ ನಾನು ಮುಟ್ಟಲ್ಲ, ನೀವೂ ದಯವಿಟ್ಟು ಮುಟ್ಬೇಡಿ, ಜೆರಾಕ್ಸ್ ಮಾಡಿಸಿ. ಜೆರಾಕ್ಸ್ ಮತ್ತು ಲೇಸರ್ ಪ್ರಿಂಟ್ ಟೋನರ್‌ನಲ್ಲಿ ಬರೋದು, ಅದು ಕಾಗದದ ಮೇಲೆ ಕರಗಿ ಕೂತಿರೋ ಪ್ಲಾಸ್ಟಿಕ್ ಪುಡಿ, ನೀರಿಗೆ ಅಲ್ಲಾಡಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟ್ ಆದ್ರೆ ಸಾಮಾನ್ಯವಾಗಿ ಅಜ್ಜನ ಶಾಯಿಗೆ ಆದ ಗತಿನೇ ಆಗುತ್ತೆ. ಬರೀ ಅಕ್ಷರ ಮಾತ್ರ ಬೇಕು ಕಾಗದ ಬೇಡ ಅಂದ್ರೆ ಮ್ಯಾಟ್ ಮೀಡಿಯಂ (ಬಣ್ಣ ಇಲ್ಲದ, ಹೊಳಪಿಲ್ಲದ ಅಕ್ರಿಲಿಕ್ ಅಂಟು) ಬಳಿದು ಹಸಿ ಇರೋವಾಗ್ಲೇ ಜೆರಾಕ್ಸ್ ಮುಖ ಕೆಳಗೆ ಮಾಡಿ ಒತ್ತಿ, ಪೂರ್ತಿ ಒಣಗಿದ್ಮೇಲೆ ನೀರು ಸವರಿ ಬೆರಳಲ್ಲಿ ಮೆಲ್ಲಗೆ ಉಜ್ಜಿದ್ರೆ ಕಾಗದ ಸುರುಳಿಸುರುಳಿಯಾಗಿ ಎದ್ದು ಬರುತ್ತೆ, ಅಕ್ಷರ ಉಳಿಯುತ್ತೆ. ಆದ್ರೆ ಉಲ್ಟಾ ಬರುತ್ತೆ, ಅದಕ್ಕೆ ಅಂಗಡೀಲೇ ಮಿರರ್ ಮಾಡಿ ಕೊಡಿ ಅಂತ ಕೇಳ್ಬೇಕು. ನ್ಯೂಸ್‌ಪೇಪರ್ ತುಂಡು ಹಾಕೋರಿಗೂ ಇದೇ ಮಾತು, ಪೇಪರ್ ಹಳದಿಯಾಗೋದು ಗೆಸ್ಸೊ ಬಳಿದ್ರೆ ನಿಲ್ಲಲ್ಲ, ಒಳ್ಳೇ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ ಅಂಟಿಸಿ. ಮೈದಾ ಗೋಂದು ಮಲೆನಾಡಲ್ಲಿ ಬೇಡ್ವೇ ಬೇಡ, ಒಂದು ಮಳೆಗಾಲ ಕಳೆಯೋದ್ರೊಳಗೆ ಬೂಷ್ಟು ಬರುತ್ತೆ.

ಇದ್ದಿಲಿನ ಮೇಲೆ ನೇರವಾಗಿ ಬಳಿದ್ರೆ ಗೆರೆ ಎಲ್ಲಾ ಬೂದು ಬಣ್ಣ ಆಗಿ ಹರಡುತ್ತೆ. ಮೊದಲು ಫಿಕ್ಸೇಟಿವ್ (ಇದ್ದಿಲಿನ ಪುಡಿ ಕದಲದ ಹಾಗೆ ಹಿಡಿಯೋ ದ್ರವ) ಎರಡು ಮೂರು ಸಲ ತೆಳ್ಳಗೆ ಸ್ಪ್ರೇ ಮಾಡಿ, ಕಿಟಕಿ ತೆಗೆದಿಟ್ಟು. ಕೆಲವು ಸಲ ನಂಗೆ ಆ ಬೂದುನೇ ಬೇಕಾಗಿರುತ್ತೆ, ಮಳೆ ಮೋಡಕ್ಕೆ ಅದಕ್ಕಿಂತ ಚೆನ್ನಾಗಿರೋ ಬಣ್ಣ ನಾನು ಟ್ಯೂಬಲ್ಲಿ ನೋಡಿಲ್ಲ.

ಆಯಿಲ್ ಪೇಸ್ಟಲ್ ಮಾತ್ರ ಕಟ್ಟಕಡೆಗೆ. ಅದರಲ್ಲಿರೋ ಎಣ್ಣೆ, ಮೇಣ ಯಾವತ್ತೂ ಪೂರ್ತಿ ಒಣಗಲ್ಲ, ಅದರ ಮೇಲೆ ಅಕ್ರಿಲಿಕ್ ಆಗ್ಲಿ ಗೆಸ್ಸೊ ಆಗ್ಲಿ ಹಾಕಿದ್ರೆ ಮೊದಲು ಕೂತ ಹಾಗೆ ಕಾಣುತ್ತೆ ಅಷ್ಟೇ. ಗೆಳತಿಯ ಗೃಹಪ್ರವೇಶಕ್ಕೆ ಕೊಟ್ಟ ಚಿತ್ರದಲ್ಲಿ ಎರಡು ವರ್ಷ ಆದ್ಮೇಲೆ ಆಕಾಶದ ಒಂದು ಮೂಲೆ ಹಪ್ಪಳದ ಹಾಗೆ ಎದ್ದು ಬಂತು, ಕೆಳಗೆ ಆಯಿಲ್ ಪೇಸ್ಟಲ್ ಇತ್ತು. ಬೇರೆ ಚಿತ್ರ ಮಾಡಿಕೊಟ್ಟೆ. ಆಯಿಲ್ ಪೇಂಟ್‌ಗೂ ಇದೇ ನಿಯಮ, ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ಸರಿ, ಎಣ್ಣೆ ಬಣ್ಣದ ಮೇಲೆ ಅಕ್ರಿಲಿಕ್ ಬೇಡ.

ಈಗ ಆ ಕಡಿಮೆ ಮಾಡಿದ ಸ್ಟಾರ್. ಹೆಸರು ಕ್ಲಿಯರ್ ಆದ್ರೂ ದಪ್ಪಗೆ ಬಳಿದ್ರೆ ಹಾಲು ತೆಳುವಾಗಿ ಚೆಲ್ಲಿದ ಹಾಗೆ ಮಬ್ಬಾಗುತ್ತೆ. ತಿಳಿ ಬಣ್ಣದ ಮೇಲೆ ಗೊತ್ತಾಗಲ್ಲ, ಕಪ್ಪು, ಕಡುನೀಲಿ ಮೇಲೆ ಕಣ್ಣಿಗೆ ಹೊಡೆಯುತ್ತೆ, ರಾತ್ರಿ ತೋಟದ ಚಿತ್ರ ಮಾಡೋ ನಂಗೆ ಇದು ದೊಡ್ಡ ತೊಂದರೆ. ಒಂದು ದಪ್ಪ ಕೋಟ್ ಬದಲು ಎರಡು ತೆಳು ಕೋಟ್ ಹಾಕಿ. ಡಬ್ಬಿ ಕುಲುಕಬೇಡಿ, ಗುಳ್ಳೆ ಬರುತ್ತೆ, ತಳದಲ್ಲಿ ಕೂತ ಪುಡಿನ ಕಡ್ಡಿಯಿಂದ ನಿಧಾನಕ್ಕೆ ಕಲಸಿ. ಒಳ್ಳೇ ಬ್ರಷ್ ಹಾಳು ಮಾಡ್ಕೋಬೇಡಿ, ಅಗ್ಗದ ನೈಲಾನ್ ಬ್ರಷ್ ಸಾಕು, ತಕ್ಷಣ ತೊಳೀಬೇಕು. ಬಿಳಿ ಗೆಸ್ಸೊಗಿಂತ ದುಬಾರಿ ಬೇರೆ. ದುಡ್ಡು ಉಳಿಸೋಣ ಅಂತ ಮ್ಯಾಟ್ ಮೀಡಿಯಂಗೆ ರಂಗೋಲಿ ಪುಡಿ ಸೋಸಿ ಕಲಸಿ ನೋಡಿದೆ, ಹಿಡಿತ ಏನೋ ಬಂತು, ಕೆಳಗಿನ ಬರಹ ಮಂಜು ಮುಸುಕಿದ ಹಾಗಾಯ್ತು. ಬರಹ ಇಲ್ಲದ ಕಡೆ ಬೇಕಾದ್ರೆ ಮಾಡಬಹುದು.

ಒಣಗೋದರ ಬಗ್ಗೆ ಡಬ್ಬಿ ಮೇಲೆ ಬರೆದಿರೋದನ್ನ ನಮ್ಮ ಜುಲೈ ತಿಂಗಳಲ್ಲಿ ನಂಬೋಕಾಗಲ್ಲ. ಬೇಸಿಗೇಲಿ ಅರ್ಧ ಗಂಟೆ ಸಾಕಾಗೋದು ಮಳೆಗಾಲದಲ್ಲಿ ರಾತ್ರಿ ಪೂರ್ತಿ ಹಿಡಿಯುತ್ತೆ. ಹೇರ್ ಡ್ರೈಯರ್ ಹಿಡಿದ್ರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿನೇ ಉಳಿಯುತ್ತೆ. ಕೈಯ ಹಿಂಭಾಗ ತಾಗಿಸಿ ನೋಡಿ, ತಣ್ಣಗಿದ್ರೆ ಒಳಗೆ ನೀರಿದೆ ಅಂತ. ಒಣಗಿದ್ಮೇಲೂ ಚಿತ್ರಗಳನ್ನ ಮುಖಕ್ಕೆ ಮುಖ ಹಚ್ಚಿ ಇಡಬೇಡಿ, ಅಕ್ರಿಲಿಕ್ ಸೆಕೆಗೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತೆ, ಮಧ್ಯೆ ಸಿಲಿಕೋನ್ ಲೇಪ ಇರೋ ಬೇಕಿಂಗ್ ಪೇಪರ್ ಇಡಿ. ಮೇಲೆ ಪೇಸ್ಟಲ್ ಇದ್ರೆ ಗಾಜು ಹಾಕಿಸಿ, ಗಾಜು ಚಿತ್ರಕ್ಕೆ ತಾಗದ ಹಾಗೆ ಸುತ್ತ ದಪ್ಪ ರಟ್ಟಿನ ಮೌಂಟ್ ಕೊಟ್ಟು. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಒಂದೆರಡು ಚಿತ್ರ ಗಾಜಿಲ್ಲದೆ ತಗೊಂಡು ಹೋಗಿದ್ದೆ, ಮಕ್ಕಳು ಆ ತರಿತರಿ ನೋಡಿ ಆಸೆಯಿಂದ ಮುಟ್ಟೇ ಮುಟ್ಟಿದ್ರು, ಸಂಜೆಗೆ ಅಡಿಕೆ ಮರದ ಸೋಗೆ ಅರ್ಧ ಅಳಿಸಿತ್ತು.

ಹೋದ ತಿಂಗಳು ಅಮ್ಮನೇ ಬೀರು ತೆಗೆದು ಪುಸ್ತಕ ಕೊಟ್ಟು, ಜೆರಾಕ್ಸ್ ಮಾಡಿಸ್ಕೊಂಡು ಸಂಜೆಯೊಳಗೆ ವಾಪಸ್ ತಂದ್ಕೊಡು ಅಂದ್ರು. ಆ ಜೆರಾಕ್ಸ್ ಹಾಳೆ ಈಗ ಮೇಜಿನ ಮೇಲಿದೆ, ಮೇಲೆ ತೆಳು ಹಸಿರು, ಅದರ ಮೇಲೆ ನಿನ್ನೆ ರಾತ್ರಿ ಬಳಿದ ಕ್ಲಿಯರ್ ಗೆಸ್ಸೊ, ಅದರಡಿಯಿಂದ ಅಜ್ಜ ಬರೆದ "ರಾಶಿ" ಅನ್ನೋದು ಚೆನ್ನಾಗಿ ಓದೋಕೆ ಬರುತ್ತೆ. ಇನ್ನೂ ಸ್ವಲ್ಪ ತಣ್ಣಗಿದೆ. ಸಂಜೆ ಮತ್ತೆ ಮುಟ್ಟಿ ನೋಡಿ ಪೇಸ್ಟಲ್ ಶುರು ಮಾಡ್ತೀನಿ.