ಕಾದಂಬರಿಯೋ, ಚಿತ್ರವೋ, ಜನಪದ ಕಥೆಯೋ?

ಬೇರೆ ಸಂಸ್ಕೃತಿಯೊಂದನ್ನು ಒಂಬತ್ತನೇ ತರಗತಿಗೆ ಪರಿಚಯಿಸಲು ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ಮೊದಲು ಕೈಯಲ್ಲಿ ಎಷ್ಟು ಅವಧಿಗಳಿವೆ ಎಂದು ಎಣಿಸಿಕೊಳ್ಳಿ.

ಎರಡು ಮೂರೇ ಇದ್ದರೆ ಚಿತ್ರ. ಮಜೀದ್ ಮಜೀದಿಯವರ 1997ರ ಇರಾನಿ ಚಿತ್ರ ‘ಚಿಲ್ಡ್ರನ್ ಆಫ್ ಹೆವನ್’ ಸುಮಾರು ಒಂದೂವರೆ ಗಂಟೆಯದು. ಓಣಿ, ಮನೆ, ಶಾಲೆ ಕಣ್ಣಿಗೇ ಕಾಣುವುದರಿಂದ ಓದಲು ಹಿಂಜರಿಯುವ ಮಕ್ಕಳೂ ಚರ್ಚೆಗೆ ಇಳಿಯುತ್ತಾರೆ. ಅಡಿಬರಹದ ವೇಗಕ್ಕೆ ಸೋಲುವವರಿಗಾಗಿ ಅಲ್ಲಲ್ಲಿ ನಿಲ್ಲಿಸಬೇಕಾದೀತು.

ಚಿನುವ ಅಚಿಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ನಂಥ (1958) ಕಾದಂಬರಿ ವಾರಗಟ್ಟಲೆ ಸಮಯ ಬೇಡುತ್ತದೆ. ಫಲವೂ ದೊಡ್ಡದೇ. ನೈಜೀರಿಯಾದ ಇಗ್ಬೊ ಜನರ ಸಮಾಜವನ್ನು, ಅದರ ಕ್ರೌರ್ಯವನ್ನೂ ಸೇರಿಸಿ, ಒಳಗಿನಿಂದ ಕಂಡ ಮೇಲಷ್ಟೇ ಕಥೆಯಲ್ಲಿ ಮಿಷನರಿಗಳು ಬರುತ್ತಾರೆ. ಇತಿಹಾಸದಲ್ಲಿ ವಸಾಹತುಶಾಹಿ ಓದುತ್ತಿರುವ ತರಗತಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ತೋಚದು. ಅನುವಾದದಲ್ಲಿ ಓದಿಸುವುದಾದರೆ ಎರಡು ಪುಟ ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತೊಡರಿದರೆ ಬೇರೆ ಅನುವಾದ ಹುಡುಕಿ.

ಜನಪದ ಕಥೆಗೆ ಖರ್ಚಿಲ್ಲ, ಒಂದೇ ಅವಧಿ ಸಾಕು, ಚಿಕ್ಕ ತರಗತಿಗಳಿಗೂ ಒಗ್ಗುತ್ತದೆ. ಆದರೆ ಆ ಜನ ಇಂದಿಗೂ ಕಾಡು, ಮಾಟ, ರಾಜರ ನಡುವೆಯೇ ಬದುಕಿದ್ದಾರೆ ಎಂದು ಮಕ್ಕಳು ತಿಳಿಯುವ ಅಪಾಯವಿದೆ. ಅದೇ ನಾಡಿನ ಇಂದಿನ ಕಥೆಯೊಂದನ್ನು ಪಕ್ಕದಲ್ಲಿಡಿ.