ಇಂಗ್ಲಿಷಿನಲ್ಲಿ ಸಸ್ಪೆನ್ಸ್ ಕಥೆ: ಮೊದಲು ಪ್ಲ್ಯಾನೋ, ನೇರ ಬರವಣಿಗೆಯೋ?

ಇಂಗ್ಲಿಷ್ ಕಲಿಯುತ್ತಲೇ ಸಸ್ಪೆನ್ಸ್ ಕಥೆ ಬರೆಯಹೊರಟ ಶಿವಮೊಗ್ಗದ ಪಿಯು ಮಕ್ಕಳಿಗೆ ನಾನು ಹೇಳುವುದಿಷ್ಟು: ಕಥೆಯ ಕೊನೆಯನ್ನು ಮೊದಲೇ ಗಟ್ಟಿಮಾಡಿಕೊಳ್ಳಿ. ಉದಾಹರಣೆಗೆ, ಆಗುಂಬೆ ಘಾಟಿಯ 14 ತಿರುವುಗಳು, ರಾತ್ರಿ ಮಳೆ, ಒಂದು ಬಸ್ಸು. ಹಿಂದಿನ ಸೀಟಿನವನು ದಾರಿಯಲ್ಲಿ ಎಲ್ಲೂ ಇಳಿದಿಲ್ಲ. ಘಾಟಿಯ ಕೆಳಗಿನ ಸೋಮೇಶ್ವರ ಮುಟ್ಟುವಾಗ ಸೀಟು ಖಾಲಿ. ಅವನು ಏನಾದನೆಂದು ನಿಮಗೆ ಗೊತ್ತಿದ್ದರೆ ಎರಡನೇ ತಿರುವಿನಲ್ಲೇ ಸೀಟಿನಡಿಯ ಒದ್ದೆ ಚಪ್ಪಲಿಯನ್ನು ತೋರಿಸಿ ಮುಂದೆ ಹೋಗಬಹುದು. ಬೇಕಾದ ಪದಗಳನ್ನೂ ಮೊದಲೇ ಹುಡುಕಿಟ್ಟುಕೊಳ್ಳಬಹುದು. ಬರೆಯುವಾಗ ಗಮನವೆಲ್ಲ ಭೂತಕಾಲದ ಕ್ರಿಯಾಪದಗಳ ಮೇಲೆ, ಚಿಕ್ಕ ವಾಕ್ಯಗಳ ಮೇಲೆ.

ನೇರ ಬರೆದರೆ ಕೈ ಬೇಗ ಪಳಗುತ್ತದೆ, ನಿಜ. ಆದರೆ ಅರ್ಧದಲ್ಲಿ ಕಥೆಯೂ ಭಾಷೆಯೂ ಒಟ್ಟಿಗೇ ಕೈಕೊಡುತ್ತವೆ. ‘ಎಲ್ಲ ಕನಸಾಗಿತ್ತು’ ಎಂದು ಮುಗಿಸಬೇಕಾಗುತ್ತದೆ, ಓದಿದವರಿಗೆ ಮೋಸವಾದಂತೆ. ಬರೆಯುವ ಹೆದರಿಕೆ ಬಿಡಿಸಿಕೊಳ್ಳಲು ಈ ದಾರಿ ಸಾಕು. ಕಾಲೇಜು ಮ್ಯಾಗಜೀನಿಗೆ ಕೊಡುವುದಾದರೆ ಪ್ಲ್ಯಾನ್ ಮಾಡಿಯೇ ಬರೆಯಿರಿ.