ಮನೆಗೆ ಇಂಟರ್ನೆಟ್ ಫೋನು: ಫೈಬರ್ ಮೋಡೆಮ್ಮೋ, ವೈಫೈ ಕಾಲಿಂಗೋ, ಅಡಾಪ್ಟರೋ?

ತುಮಕೂರು ಕಡೆ ಫೈಬರ್ ಬಂದ ಮನೆಗಳಿಗೆ ಫೋನು ಹಾಕಿಸಲು ಮೂರು ದಾರಿಗಳಿವೆ: ಮೋಡೆಮ್ಮಿನ ಫೋನ್ ಪೋರ್ಟು, ಮನೆಯ ವೈಫೈ ಮೂಲಕ ಮೊಬೈಲ್ ಕಾಲ್ ಹೋಗುವ ವೈಫೈ ಕಾಲಿಂಗ್, ಮಾಮೂಲಿ ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಅಡಾಪ್ಟರ್ ಡಬ್ಬಿ. ಒಂದೇ ಕನೆಕ್ಷನ್ ಮೇಲೆ ಮೂರನ್ನೂ ಓಡಿಸಿ ನೋಡಿದರೆ, ವಯಸ್ಸಾದವರಿರುವ ಮನೆಗೆ ಮೋಡೆಮ್ಮಿನ ಫೋನ್ ಪೋರ್ಟೇ ಸರಿ. ಆದರೆ ಬ್ಯಾಟರಿ ಜೊತೆಗಿರಲೇಬೇಕು.

ಒಎನ್‌ಟಿ ಅನ್ನುವ ಫೈಬರ್ ಮೋಡೆಮ್ಮಿನ ಹಿಂದೆ 'ಟೆಲ್' ಅಥವಾ 'ಪಾಟ್ಸ್' ಅಂತ ಬರೆದ ಪೋರ್ಟು ಇರುತ್ತದೆ, ಲ್ಯಾನ್ ಪೋರ್ಟಿಗಿಂತ ಕಿರಿದು. ಬಿಎಸ್ಎನ್ಎಲ್, ಜಿಯೋ, ಏರ್‌ಟೆಲ್ ಮೂರೂ ಫೈಬರ್ ಜೊತೆ ಲ್ಯಾಂಡ್‌ಲೈನ್ ನಂಬರ್ ಕೊಡುತ್ತವೆ. ನಗರದ ಕೋಡ್ 0816. ಹಳೇ ಫೋನಿನ ವೈರು ಸಿಕ್ಕಿಸಿದರೆ ಡಯಲ್ ಟೋನ್ ಬರಬೇಕು. ಟೋನ್ ಇದ್ದೂ ನಂಬರ್ ಹೋಗದಿದ್ದರೆ ಫೋನಿನ ಸಣ್ಣ ಸ್ವಿಚ್ಚು 'ಪಲ್ಸ್'ನಲ್ಲಿದೆಯಾ ನೋಡಿ, 'ಟೋನ್'ಗೆ ತಳ್ಳಿ. ಮನೆಯ ಹಳೇ ವೈರಿಂಗಿಗೆ ಸೇರಿಸುವುದಾದರೆ ಕಂಬದಿಂದ ಬರುವ ತಾಮ್ರದ ತಂತಿಯನ್ನು ಮೊದಲು ಬಿಚ್ಚಿ. ಅದರಲ್ಲಿ ಎಕ್ಸ್‌ಚೇಂಜಿನ 48 ವೋಲ್ಟ್ ಇನ್ನೂ ಇದ್ದರೆ, ಅಥವಾ ಸಿಡಿಲು ಹರಿದರೆ, ಪೋರ್ಟು ಸುಟ್ಟುಹೋಗಬಹುದು.

ಆ 48 ವೋಲ್ಟಿನಿಂದಲೇ ಹಳೇ ಫೋನು ಕರೆಂಟು ಹೋದರೂ ಬಡಿಯುತ್ತಿತ್ತು. ಫೈಬರ್ ಬೆಳಕನ್ನಷ್ಟೇ ತರುತ್ತದೆ, ಕರೆಂಟನ್ನಲ್ಲ. ಬೆಸ್ಕಾಂ ಲೈನು ಹೋದ ಕ್ಷಣ ಫೋನೂ ಸತ್ತಂತೆ. 12 ವೋಲ್ಟಿನ ಮಿನಿ ಯುಪಿಎಸ್ ಹಾಕಿ. 3.7 ವೋಲ್ಟ್, 2,000 ಎಂಎಎಚ್‌ನ ಮೂರು ಸೆಲ್ ಇದ್ದರೆ ಸುಮಾರು 22 ವಾಟ್-ಅವರ್. 8 ವಾಟ್ ಎಳೆಯುವ ಮೋಡೆಮ್ಮಿಗೆ ಎರಡು ಗಂಟೆ ಮೇಲೆ ಬರುತ್ತದೆ. ಕಾರ್ಡ್‌ಲೆಸ್ ಫೋನಿನ ಬೇಸಿಗೆ ಬೇರೆಯೇ ಕರೆಂಟು ಬೇಕು, ಹಾಗಾಗಿ ವೈರಿನ ಫೋನೇ ಇಡಿ. ಇನ್ವರ್ಟರ್ ಇರುವವರು ಅದನ್ನು 'ಯುಪಿಎಸ್' ಮೋಡಿಗೆ ಹಾಕಬೇಕು. ಇಲ್ಲದಿದ್ದರೆ ಕರೆಂಟು ಬದಲಾಗುವಾಗ ಮೋಡೆಮ್ ರೀಸ್ಟಾರ್ಟ್ ಆಗಿ ಕಾಲ್ ಕಟ್ಟಾಗುತ್ತದೆ.

ಅಡಾಪ್ಟರ್ ದಾರಿ ಆಫೀಸ್ ನಂಬರನ್ನು ಮನೆಗೆ ತರಬೇಕಾದವರಿಗೆ. ಲೈಸೆನ್ಸ್ ಇರುವ ಕಂಪನಿಯಿಂದ ಸಿಪ್ ಖಾತೆ (ಇಂಟರ್ನೆಟ್ ಮೂಲಕ ಕರೆ ಮಾಡುವ ಖಾತೆ) ಪಡೆದು ಅಡಾಪ್ಟರಿನಲ್ಲಿ ಸರ್ವರ್, ಯೂಸರ್ ನೇಮ್, ಪಾಸ್‌ವರ್ಡ್ ತುಂಬಬೇಕು. ಮಾತನ್ನು ಡಿಜಿಟಲ್ ಮಾಡುವ ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಎರಡೂ ಕಡೆ ತಲಾ 87 ಕೆಬಿಪಿಎಸ್ ಸಾಕು. ನಮ್ಮ ಮಾತು ಅವರಿಗೆ ಕೇಳಿ, ಅವರದು ನಮಗೆ ಕೇಳದಿದ್ದರೆ ಸಾಮಾನ್ಯವಾಗಿ ಸಿಪ್ ಕರೆಗಳ ವಿಳಾಸವನ್ನು ತಿದ್ದುವ ರೌಟರಿನ 'ಸಿಪ್ ಎಎಲ್‌ಜಿ' ಸೆಟ್ಟಿಂಗ್ ಕಾರಣ; ಅದನ್ನು ಆಫ್ ಮಾಡಿ. ಮೊಬೈಲಿನಿಂದ ಫೋಟೊಗಳು ಅಪ್‌ಲೋಡ್ ಆಗುವಾಗ ಮಾತು ತುಂಡಾದರೆ ರೌಟರಿನಲ್ಲಿ ಫೋನಿಗೆ ಮೊದಲ ಆದ್ಯತೆ ಕೊಡಿ.

ವೈಫೈ ಕಾಲಿಂಗ್‌ಗೆ ಬೇರೆ ಸಾಮಾನೇ ಬೇಡ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದರಾಯಿತು, ಆರ್‌ಸಿಸಿ ಮನೆಯ ಒಳಕೋಣೆಯಲ್ಲೂ ಮಾತು ಸ್ಪಷ್ಟ. ಹ್ಯಾಂಡ್‌ಸೆಟ್ಟೂ ಸಿಮ್ಮೂ ಎರಡೂ ಅದಕ್ಕೆ ಒಗ್ಗಬೇಕು, ಅಷ್ಟೇ.

ತೆಂಗಿನ ಗರಿ ಬಿದ್ದು ಕೇಬಲ್ ತುಂಡಾದರೆ ಮೋಡೆಮ್ಮಿನಲ್ಲಿ ಸಿಗ್ನಲ್ ಹೋದದ್ದನ್ನು ತೋರಿಸುವ 'ಲಾಸ್' ದೀಪ ಕೆಂಪಗಾಗುತ್ತದೆ. ಪೋರ್ಟೂ ಅಡಾಪ್ಟರೂ ಸುಮ್ಮನಾಗುತ್ತವೆ, ಮೊಬೈಲ್ ಮಾತ್ರ ಟವರಿಗೆ ಹೊರಳುತ್ತದೆ. ದೂರು ಕೊಡುವ ಮುಂಚೆ ಮೋಡೆಮ್ಮಿಗೆ ಬರುವ ತೆಳು ಫೈಬರ್ ವೈರು, ಅಂದರೆ ಹಳದಿ ಪ್ಯಾಚ್ ಕಾರ್ಡು, ಬೀರುವಿನ ಕಾಲಿಗೆ ಸಿಕ್ಕು ಮಡಚಿಕೊಂಡಿದೆಯಾ ನೋಡಿ.